ನಮ್ಮ ಆಸ್ಪತ್ರೆ ಹೇಗಿದೆ? ಅಳೆದು ನೋಡೋಣ, ಸೇರಿ ಸರಿಪಡಿಸೋಣ

ಸಂಘದ ಸಭೆಯಲ್ಲಿ "ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ ಹೇಗಿದೆ?" ಎಂದು ಒಮ್ಮೆ ಕೇಳಿ ನೋಡಿ. ಒಬ್ಬರು "ಪರವಾಗಿಲ್ಲ" ಅನ್ನುತ್ತಾರೆ. ಇನ್ನೊಬ್ಬರು "ಅಲ್ಲಿ ಏನೂ ಇಲ್ಲ, ಹೋದ್ರೆ ಬೈಸಿಕೊಂಡು ಬರೋದು ಅಷ್ಟೇ" ಅನ್ನುತ್ತಾರೆ. ಮತ್ತೊಬ್ಬರು "ಡಾಕ್ಟ್ರು ಒಳ್ಳೆಯವರು, ಆದ್ರೆ ಮಾತ್ರೆ ಹೊರಗಡೆ ಬರೆದುಕೊಡ್ತಾರೆ" ಅನ್ನುತ್ತಾರೆ. ಮೂವರ ಮಾತೂ ಸುಳ್ಳಲ್ಲ.

ಆದರೆ ಇದೇ ಮಾತುಗಳನ್ನು ವೈದ್ಯಾಧಿಕಾರಿಯವರ ಮುಂದೆ ಹೇಳಿದರೆ ಅವರು ರಿಜಿಸ್ಟರ್ ತೆಗೆದು, "ನೋಡಿ, ಈ ತಿಂಗಳು ಇಷ್ಟು ಜನರಿಗೆ ಚಿಕಿತ್ಸೆ ಕೊಟ್ಟಿದ್ದೇವೆ, ಇಷ್ಟು ಗರ್ಭಿಣಿಯರ ತಪಾಸಣೆ ಆಗಿದೆ" ಎನ್ನುತ್ತಾರೆ. ಅವರ ಕೈಯಲ್ಲಿ ಲೆಕ್ಕವಿದೆ, ನಮ್ಮ ಕೈಯಲ್ಲಿ ಬರೀ ಬೇಸರವಿದೆ. ಹಾಗಾಗಿ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಸೇವೆಯ ಗುಣಮಟ್ಟವನ್ನು ನಾವೂ ಅಳೆಯಲು ಕಲಿಯುವುದು ಹೇಗೆ ಎಂಬುದೇ ಈ ಪಾಠದ ವಿಷಯ.

ಎಣಿಕೆ ಬೇರೆ, ಗುಣಮಟ್ಟ ಬೇರೆ

"ನೂರು ಗರ್ಭಿಣಿಯರ ತಪಾಸಣೆ ಆಗಿದೆ" ಎಂಬುದು ಎಣಿಕೆ. ಆ ನೂರು ಮಂದಿಯಲ್ಲಿ ಎಷ್ಟು ಜನರ ಬಿ.ಪಿ. ನೋಡಿದರು? ಎಷ್ಟು ಜನರ ರಕ್ತ ಪರೀಕ್ಷೆ ಮಾಡಿದರು? ರಕ್ತ ಕಡಿಮೆ ಇದ್ದವರಿಗೆ ಏನು ಮಾಡಿದರು? ಇದು ಗುಣಮಟ್ಟ. ತೂಕ ಮಾತ್ರ ನೋಡಿ ಕಳುಹಿಸಿದರೂ ರಿಜಿಸ್ಟರಿನಲ್ಲಿ ಅದು ಒಂದು ತಪಾಸಣೆಯೇ. ಆದರೆ ಹೆರಿಗೆಯ ದಿನ ರಕ್ತಸ್ರಾವ ಆದಾಗ ಆ ವ್ಯತ್ಯಾಸದ ಬೆಲೆ ತೆರುವವಳು ತಾಯಿ.

ಮೂರು ಕಡೆಯಿಂದ ನೋಡುವುದು

ಅಮೆರಿಕದಲ್ಲಿದ್ದ ವೈದ್ಯ ಅವೆಡಿಸ್ ಡೊನಬೇಡಿಯನ್ ಅವರು 1966ರಲ್ಲಿ ಒಂದು ಸರಳ ದಾರಿ ತೋರಿಸಿದರು. ಚಿಕಿತ್ಸೆಯ ಗುಣಮಟ್ಟವನ್ನು ಮೂರು ಕಡೆಯಿಂದ ನೋಡಬೇಕು ಎಂದರು. ಶಾಲೆಯ ಬಿಸಿಯೂಟದ ಹೋಲಿಕೆಯಿಂದ ಇದು ಸುಲಭವಾಗಿ ಅರ್ಥವಾಗುತ್ತದೆ.

1. ಸೌಲಭ್ಯ: ಅಕ್ಕಿ, ಬೇಳೆ, ಗ್ಯಾಸ್, ಅಡುಗೆಯವರು ಇದ್ದಾರೆಯೇ? ಆಸ್ಪತ್ರೆಯಲ್ಲಾದರೆ ಡಾಕ್ಟರ್, ಸಿಸ್ಟರ್, ಔಷಧಿ, ನೀರು, ಶೌಚಾಲಯ, ಬಿ.ಪಿ. ಯಂತ್ರ.
2. ಕೆಲಸ ನಡೆಯುವ ರೀತಿ: ಅಕ್ಕಿ ತೊಳೆದು ಸರಿಯಾಗಿ ಬೇಯಿಸಿ ಸಮಯಕ್ಕೆ ಬಡಿಸಿದರೇ? ಆಸ್ಪತ್ರೆಯಲ್ಲಾದರೆ ಪರೀಕ್ಷೆ ಮಾಡಿದರೇ, ಕೈ ತೊಳೆದರೇ, ಮಾತ್ರೆ ಹೇಗೆ ತೆಗೆದುಕೊಳ್ಳಬೇಕೆಂದು ಬಿಡಿಸಿ ಹೇಳಿದರೇ, ಮರ್ಯಾದೆಯಿಂದ ಮಾತನಾಡಿದರೇ?
3. ಫಲ: ಮಕ್ಕಳ ಹೊಟ್ಟೆ ತುಂಬಿತೇ? ಆಸ್ಪತ್ರೆಯಲ್ಲಾದರೆ ತಾಯಿ ಮಗು ಕ್ಷೇಮವೇ, ಕಾಯಿಲೆ ಗುಣವಾಯಿತೇ?

ಫಲವೇ ಮುಖ್ಯ, ನಿಜ. ಆದರೆ ಒಂದು ಊರಿನಲ್ಲಿ ವರ್ಷಕ್ಕೆ ಆಗುವ ಹೆರಿಗೆಗಳು ಕೆಲವೇ. ಈ ವರ್ಷ ಯಾವ ತಾಯಿಗೂ ತೊಂದರೆಯಾಗಲಿಲ್ಲ ಎಂದ ಮಾತ್ರಕ್ಕೆ ಸೇವೆ ಚೆನ್ನಾಗಿದೆ ಎನ್ನಲು ಆಗದು, ಅದೃಷ್ಟವೂ ಇರಬಹುದು. ಆದ್ದರಿಂದ ಊರಿನ ಮಟ್ಟದಲ್ಲಿ ನಾವು ಹೆಚ್ಚಾಗಿ ಎರಡನೆಯದನ್ನು, ಅಂದರೆ ಕೆಲಸ ನಡೆಯುವ ರೀತಿಯನ್ನು ಅಳೆಯಬೇಕು.

ಸರ್ಕಾರದ ಅಳತೆಗೋಲು

ಗುಣಮಟ್ಟ ಕೇಳುವುದು ತಕರಾರು ಅಲ್ಲ, ಸರ್ಕಾರವೇ ಅದಕ್ಕೆ ನಿಯಮ ಮಾಡಿದೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಏನೇನು ಇರಬೇಕು ಎಂಬ ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳು 2007ರಲ್ಲಿ ಬಂದು, 2012 ಮತ್ತು 2022ರಲ್ಲಿ ಪರಿಷ್ಕರಣೆಯಾದವು. ಸ್ವಚ್ಛತೆಗಾಗಿ 2015ರಲ್ಲಿ ಕಾಯಕಲ್ಪ ಯೋಜನೆ ಬಂತು.

2013ರಲ್ಲಿ ಬಂದ ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳಲ್ಲಿ ಎಂಟು ವಿಷಯಗಳಿವೆ: ದೊರೆಯುವ ಸೇವೆಗಳು, ರೋಗಿಗಳ ಹಕ್ಕು, ಸೌಲಭ್ಯಗಳು, ಪೂರಕ ಸೇವೆಗಳು, ಚಿಕಿತ್ಸೆ, ಸೋಂಕು ತಡೆ, ಗುಣಮಟ್ಟದ ನಿರ್ವಹಣೆ ಮತ್ತು ಫಲಿತಾಂಶ. ಪರಿಶೀಲಕರು ಸಿಬ್ಬಂದಿಯನ್ನು ಕೇಳಿ, ಕಣ್ಣಾರೆ ನೋಡಿ, ದಾಖಲೆ ಓದಿ, ರೋಗಿಗಳನ್ನೂ ಮಾತನಾಡಿಸಿ ಅಂಕ ಕೊಡುತ್ತಾರೆ. ರೋಗಿಗಳ ಹಕ್ಕು ಎಂಬುದೇ ಒಂದು ವಿಷಯ ಎಂಬುದನ್ನು ಗಮನಿಸಿ. ಪರದೆ ಇಲ್ಲದೆ ತಪಾಸಣೆ ಮಾಡಿದರೆ ಅದು ಬರೀ ಮುಜುಗರವಲ್ಲ, ಗುಣಮಟ್ಟದ ಕೊರತೆ.

ತಾಯಿ ಕಾರ್ಡಿನಿಂದ ಅಳೆಯುವ ಬಗೆ

ಗರ್ಭಿಣಿಗೆ ಕನಿಷ್ಠ ನಾಲ್ಕು ಸಲ ತಪಾಸಣೆ ಆಗಬೇಕು. ಪ್ರತಿ ಸಲವೂ ತೂಕ, ಬಿ.ಪಿ., ಹಿಮೋಗ್ಲೋಬಿನ್, ಮೂತ್ರ ಪರೀಕ್ಷೆ ಆಗಬೇಕು, ಹೊಟ್ಟೆ ಮುಟ್ಟಿ ನೋಡಬೇಕು. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 7ಕ್ಕಿಂತ ಕಡಿಮೆಯಿದ್ದರೆ ತೀವ್ರ ರಕ್ತಹೀನತೆ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು.

ಒಂದು ಲೆಕ್ಕ ಮಾಡೋಣ. ನಮ್ಮ ಕೇಂದ್ರದ ವ್ಯಾಪ್ತಿಯ ಊರುಗಳಲ್ಲಿ ಇತ್ತೀಚೆಗೆ ಹೆರಿಗೆಯಾದ 20 ತಾಯಂದಿರ ಮನೆಗೆ ಹೋಗಿ, ಒಪ್ಪಿಗೆ ಪಡೆದು, ತಾಯಿ ಕಾರ್ಡ್ ನೋಡಿದೆವು ಎಂದುಕೊಳ್ಳಿ. ನಾಲ್ಕೂ ಸಲ ಹಿಮೋಗ್ಲೋಬಿನ್ ಬರೆದಿರುವುದು 8 ಕಾರ್ಡುಗಳಲ್ಲಿ. ಅಂದರೆ ಶೇಕಡಾ 40. ಈಗ ನಮ್ಮ ಕೈಯಲ್ಲಿ ಬೇಸರದ ಬದಲು ಒಂದು ಅಂಕಿ ಇದೆ.

ಕಾರ್ಡ್ ನೋಡಿದರೆ ಸಾಲದು, ಬಾಯಿಬಿಟ್ಟು ಕೇಳಬೇಕು. "ಅಕ್ಕಾ, ಪ್ರತಿ ಸಲವೂ ಬೆರಳು ಚುಚ್ಚಿ ರಕ್ತ ತೆಗೆದ್ರಾ? ನಿಮ್ಮ ರಕ್ತ ಎಷ್ಟಿದೆ ಅಂತ ಹೇಳಿದ್ರಾ? ಕಬ್ಬಿಣದ ಮಾತ್ರೆನ ಚಹಾ ಜೊತೆ ತಗೋಬೇಡಿ ಅಂದ್ರಾ?" ಯಾಕೆಂದರೆ ಮೇಲಿನಿಂದ ಅಂಕಿ ಕೇಳುವ ಒತ್ತಡ ಬಂದಾಗ, ಪರೀಕ್ಷೆ ಮಾಡದೆಯೇ ಕಾರ್ಡಿನಲ್ಲಿ ಅಂಕಿ ತುಂಬುವ ಅಪಾಯ ಇದ್ದೇ ಇದೆ. ಖಾಲಿ ಕಾರ್ಡಿಗಿಂತ ಸುಳ್ಳು ತುಂಬಿದ ಕಾರ್ಡು ಹೆಚ್ಚು ಅಪಾಯ. ಖಾಲಿ ಇದ್ದರೆ ಹೆರಿಗೆ ಮಾಡಿಸುವ ಡಾಕ್ಟರ್ ಎಚ್ಚರವಾದರೂ ಆಗುತ್ತಾರೆ.

ಅಂಕಿ ಹಿಡಿದು ಕೂತು ಮಾತಾಡುವುದು

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯಲ್ಲಿ ಪಂಚಾಯಿತಿ ಸದಸ್ಯರು, ಆಶಾ, ಅಂಗನವಾಡಿ ಕಾರ್ಯಕರ್ತೆ ಇರುತ್ತಾರೆ. ಆಸ್ಪತ್ರೆಯ ಮಟ್ಟದಲ್ಲಿ ಆರೋಗ್ಯ ರಕ್ಷಾ ಸಮಿತಿ ಇದೆ. ಅಂಕಿಯನ್ನು ಅಲ್ಲಿಗೆ ಒಯ್ಯಬೇಕು. ಆದರೆ "ಯಾಕೆ ಮಾಡಿಲ್ಲ?" ಎಂದು ಜೋರು ಮಾಡುವ ಬದಲು "ಏನು ಅಡ್ಡಿಯಾಯಿತು?" ಎಂದು ಕೇಳಬೇಕು. ಪರೀಕ್ಷೆಯ ಪಟ್ಟಿ ಮುಗಿದು ತಿಂಗಳಾಗಿರಬಹುದು. ಲ್ಯಾಬಿನವರು ವಾರಕ್ಕೆ ಎರಡೇ ದಿನ ಬರುತ್ತಿರಬಹುದು, ಗರ್ಭಿಣಿಯರು ಬರುವ ದಿನವೇ ಬೇರೆ ಇರಬಹುದು. ಒಬ್ಬರೇ ಸಿಸ್ಟರ್ ಎರಡು ಕಡೆ ಓಡಾಡುತ್ತಿರಬಹುದು. ಒಂದೊಂದು ಅಡ್ಡಿಗೂ ಪರಿಹಾರ ಬೇರೆ. ದಿನ ಹೊಂದಿಸುವುದಕ್ಕೆ ದುಡ್ಡು ಬೇಡ. ಪಟ್ಟಿ ತರಿಸಲು ಆರೋಗ್ಯ ರಕ್ಷಾ ಸಮಿತಿಯಲ್ಲಿ ಕೇಳಬಹುದು. ಸಿಬ್ಬಂದಿ ಕೊರತೆಯಾದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಎಲ್ಲರೂ ಸೇರಿ ಬರೆಯಬೇಕು. ಆಗ ಸಿಸ್ಟರ್ ಕೂಡ ನಮ್ಮ ಜೊತೆ ಸಹಿ ಹಾಕುತ್ತಾರೆ.

ಒಂದು ಸಲಕ್ಕೆ ಒಂದೇ ಕೊರತೆ ಹಿಡಿಯಿರಿ. ಯಾರು, ಏನು, ಯಾವಾಗ ಮಾಡಬೇಕು ಎಂದು ನಡಾವಳಿ ಪುಸ್ತಕದಲ್ಲಿ ಬರೆಸಿ. ಬದಲಾವಣೆ ಆದ ಮೇಲೆ ಬಂದ ಗರ್ಭಿಣಿಯರ 20 ಕಾರ್ಡುಗಳನ್ನು ಮೂರು ತಿಂಗಳ ನಂತರ ನೋಡಿ. ಅವರು ಬಂದಷ್ಟು ಸಲವೂ ರಕ್ತ ನೋಡಿದ್ದಾರೆಯೇ ಎಂದು ಎಣಿಸಿ. ಏರಿದ್ದರೆ ಸಿಬ್ಬಂದಿಗೆ ಸಭೆಯಲ್ಲೇ ಧನ್ಯವಾದ ಹೇಳಿ. ಏರದಿದ್ದರೆ ನಾವು ಹಿಡಿದ ಕಾರಣ ಸರಿಯಿರಲಿಲ್ಲ ಎಂದರ್ಥ, ಬೇರೆ ಕಾರಣ ಹುಡುಕಬೇಕು. ಯೋಚಿಸು, ಮಾಡು, ನೋಡು, ತಿದ್ದು. ಗುಣಮಟ್ಟ ಸುಧಾರಣೆ ಎಂದರೆ ಇಷ್ಟೇ.

ಇದು ಹೊಸದೇನಲ್ಲ. 2007ರ ಸುಮಾರಿಗೆ ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಆರೋಗ್ಯ ಸೇವೆಯ ಸಮುದಾಯ ಉಸ್ತುವಾರಿ ಪ್ರಯೋಗ ನಡೆಯಿತು. ಊರಿನವರೇ ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ಅಂಕಪಟ್ಟಿ ಮಾಡಿದರು. ಓದು ಬಾರದವರಿಗೂ ಬಣ್ಣ ತಿಳಿಯುತ್ತದೆ ಅಲ್ವಾ?

ನೆನಪಿಡಬೇಕಾದ ಮಾತು

- ತಾಯಿಯ ಹೆಸರು, ಕಾಯಿಲೆಯ ವಿವರ ಸಭೆಯಲ್ಲಿ ಹೇಳಬಾರದು. ಒಟ್ಟು ಅಂಕಿ ಮಾತ್ರ ಹೇಳಬೇಕು.
- ಆಸ್ಪತ್ರೆಗೆ ಬಂದವರನ್ನು ಮಾತ್ರ ಕೇಳಿದರೆ ಸಾಲದು. ಬರುವುದನ್ನೇ ಬಿಟ್ಟವರನ್ನೂ ಕೇಳಬೇಕು. ದೂರದ ಹಾಡಿ, ಕಾಲೊನಿ, ಕೂಲಿಗೆ ವಲಸೆ ಬಂದವರ ಶೆಡ್ಡುಗಳಿಗೆ ಹೋಗಬೇಕು.
- ಯಾರನ್ನೋ ವರ್ಗ ಮಾಡಿಸಲು ಅಳತೆ ಬಳಸಬಾರದು. ಹಾಗೆ ಮಾಡಿದರೆ ಮುಂದಿನ ಸಲ ಸತ್ಯ ಸಿಗುವುದಿಲ್ಲ.

ಸಂಘದಲ್ಲಿ ಚರ್ಚಿಸಲು

1. ನಮ್ಮ ಕೇಂದ್ರದಲ್ಲಿ ಯಾವ ಒಂದು ಕೊರತೆ ಹೆಚ್ಚು ಜನರಿಗೆ ತೊಂದರೆ ಕೊಡುತ್ತಿದೆ? ಅದನ್ನು ಎಣಿಸುವುದು ಹೇಗೆ?
2. ನಮ್ಮ ಊರಿನ ಆರೋಗ್ಯ ಸಮಿತಿ ಕೊನೆಯ ಸಲ ಸೇರಿದ್ದು ಯಾವಾಗ? ನಮ್ಮ ಸಂಘದಿಂದ ಯಾರು ಹೋಗುತ್ತಾರೆ?
3. ಸರ್ಕಾರಿ ಆಸ್ಪತ್ರೆ ಬಿಟ್ಟು ಸಾಲ ಮಾಡಿ ಖಾಸಗಿಗೆ ಹೋದವರು ನಮ್ಮಲ್ಲಿ ಎಷ್ಟು ಜನ? ಯಾಕೆ ಹೋದರು?

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ನೆರೆಮನೆಯ ಒಬ್ಬ ತಾಯಿಯನ್ನು ಮಾತಾಡಿಸಿಕೊಂಡು ಬನ್ನಿ. ಅಲ್ಲಿಂದಲೇ ಎಣಿಕೆ ಶುರು ಮಾಡೋಣ.