ಸೈಕಲ್ ಸವಾರರ ಸುರಕ್ಷತೆ ಹಾಗೂ ರಸ್ತೆ ಸೌಜನ್ಯ: ಗ್ರಾಮ ಮಟ್ಟದ ಅಧ್ಯಯನ ಪಾಠ

1. ಪಾಠದ ಹಿನ್ನೆಲೆ

ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದಂತಹ ಗ್ರಾಮಗಳಲ್ಲಿ ಸೈಕಲ್ ವಿಹಾರದ ವಸ್ತುವಲ್ಲ; ದುಡಿಮೆಯ ಹಾಗೂ ವಿದ್ಯಾಭ್ಯಾಸದ ಸಾಧನ. ಶೇಂಗಾ ಹೊಲಕ್ಕೆ ಬುತ್ತಿ ಒಯ್ಯುವ ರೈತ, ಮುಂಜಾನೆ ಹಾಲಿನ ಕ್ಯಾನು ಕಟ್ಟಿಕೊಂಡು ಹೊರಡುವವರು, ಪಕ್ಕದ ಊರಿನ ಪ್ರೌಢಶಾಲೆಗೆ ತೆರಳುವ ಬಾಲಕ ಬಾಲಕಿಯರು ಇಂದಿಗೂ ಅದನ್ನೇ ನಂಬಿದ್ದಾರೆ. ಸರ್ಕಾರವು 2006-07ನೇ ಸಾಲಿನಲ್ಲಿ 8ನೇ ತರಗತಿಯ ವಿದ್ಯಾರ್ಥಿಗಳಿಗಾಗಿ ಆರಂಭಿಸಿದ ಉಚಿತ ಬೈಸಿಕಲ್ ಯೋಜನೆಯಿಂದ, ಬಸ್ಸಿನ ಸೌಕರ್ಯ ವಿರಳವಾಗಿದ್ದ ಹಳ್ಳಿಗಳ ಮಕ್ಕಳಿಗೂ ಶಾಲೆಯ ಹಾದಿ ಸುಗಮವಾಯಿತು.

ಆದರೆ ಈ ಹಾದಿ ಸೈಕಲ್ಲಿಗೆ ಮಾತ್ರ ಮೀಸಲಾದುದಲ್ಲ. ಊರಿನ ರಸ್ತೆಗಳು ಮುಂದೆ ಹೋಗಿ ಸೇರುವ ಚಳ್ಳಕೆರೆ–ಬಳ್ಳಾರಿ ಮಾರ್ಗವು ರಾಷ್ಟ್ರೀಯ ಹೆದ್ದಾರಿ 150ಎ ಭಾಗವಾಗಿದ್ದು, ಲಾರಿ, ಬಸ್ಸು, ಕಾರುಗಳು ವೇಗವಾಗಿ ಸಂಚರಿಸುತ್ತವೆ. ಕಾರಿನಲ್ಲಿ ಕುಳಿತವರಿಗೆ ಉಕ್ಕಿನ ಕವಚವಿದೆ, ಸೀಟ್ ಬೆಲ್ಟ್ ಇದೆ. ಸೈಕಲ್ ಸವಾರನಿಗೆ ಮೈಮೇಲಿನ ಬಟ್ಟೆಯ ಹೊರತು ಬೇರೆ ರಕ್ಷಣೆಯಿಲ್ಲ. ಆದುದರಿಂದ ಸವಾರನು ಸಕಾಲದಲ್ಲಿ ಇತರರ ಕಣ್ಣಿಗೆ ಬೀಳುವುದು ಹೇಗೆ, ಅವನನ್ನು ಕಂಡ ಚಾಲಕನು ನಡೆದುಕೊಳ್ಳಬೇಕಾದುದು ಹೇಗೆ ಎಂಬ ಎರಡು ಪ್ರಶ್ನೆಗಳೇ ಈ ಪಾಠದ ತಿರುಳು.

2. ಮೂರು ಸೆಕೆಂಡಿನ ಲೆಕ್ಕ

ಗಂಟೆಗೆ 80 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಗಂಟೆಗೆ 15 ಕಿ.ಮೀ. ವೇಗದ ಸೈಕಲ್ ಸಾಗುವುದು ಸುಮಾರು 4 ಮೀಟರ್. ಅಂದರೆ ಹಿಂದಿನಿಂದ ಬರುವ ಕಾರು ಪ್ರತಿ ಸೆಕೆಂಡಿಗೆ 18 ಮೀಟರಿನಷ್ಟು ಸೈಕಲ್ಲಿಗೆ ಸಮೀಪಿಸುತ್ತದೆ. ಕತ್ತಲಲ್ಲಿ ಸೈಕಲ್ 50 ಮೀಟರ್ ಸಮೀಪ ಬಂದ ಮೇಲಷ್ಟೇ ಕಂಡಿತೆಂದರೆ ಚಾಲಕನಿಗೆ ಉಳಿಯುವ ಅವಧಿ ಮೂರು ಸೆಕೆಂಡಿಗೂ ಕಡಿಮೆ. ಅದನ್ನು ಗುರುತಿಸಿ ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ ಒಂದು ಸೆಕೆಂಡು ಕಳೆದಿರುತ್ತದೆ. ಅದೇ ಸೈಕಲ್ಲಿನ ಹಿಂಬದಿಯ ರೇಡಿಯಂ ಪಟ್ಟಿ 150 ಮೀಟರ್ ದೂರದಿಂದಲೇ ಹೊಳೆದರೆ ಚಾಲಕನಿಗೆ ಎಂಟು ಸೆಕೆಂಡು ದೊರೆಯುತ್ತದೆ. ಅಲ್ಪ ಬೆಲೆಯ ಪಟ್ಟಿಯೊಂದು ಐದು ಸೆಕೆಂಡುಗಳನ್ನು ಗಳಿಸಿಕೊಡುತ್ತದೆ. ಜೀವ ಉಳಿಯಲು ಅಷ್ಟು ಸಾಕಾಗಬಹುದು.

3. ಸೈಕಲ್ ಸವಾರರು ಪಾಲಿಸಬೇಕಾದ ಕ್ರಮಗಳು

ಅ) ರಸ್ತೆಯ ಎಡಭಾಗದಲ್ಲಿಯೇ, ನೇರ ಗತಿಯಲ್ಲಿ ಸಾಗತಕ್ಕದ್ದು. ಗೆಳೆಯರು ಜೊತೆಗಿದ್ದಾಗ ಅಕ್ಕಪಕ್ಕ ಸಾಲುಗಟ್ಟದೆ ಒಬ್ಬರ ಹಿಂದೆ ಒಬ್ಬರು ಹೋಗತಕ್ಕದ್ದು.

ಆ) ವಿಭಜಕವಿರುವ ರಸ್ತೆಯಲ್ಲಿ ದೂರದ ತಿರುವಿಗೆ ಹೋಗಲು ಬೇಸರಿಸಿ ಎದುರು ದಿಕ್ಕಿನಲ್ಲಿ ಬರಬಾರದು. ಆಗ ಎರಡು ವಾಹನಗಳ ವೇಗವೂ ಕೂಡಿಕೊಳ್ಳುವುದರಿಂದ ಮೇಲೆ ಹೇಳಿದ ಮೂರು ಸೆಕೆಂಡು ಎರಡಕ್ಕಿಳಿಯುತ್ತದೆ.

ಇ) ಬಲಕ್ಕೆ ತಿರುಗುವ ಮೊದಲು ಹಿಂದೆ ನೋಡಿ, ಬಲಗೈಯನ್ನು ನೇರವಾಗಿ ಚಾಚಿ ಸೂಚನೆ ನೀಡಬೇಕು. ಹೆದ್ದಾರಿಯಲ್ಲಿ ಮಕ್ಕಳು ಸೈಕಲ್ಲಿನಿಂದ ಇಳಿದು, ಎರಡೂ ಕಡೆ ನೋಡಿ, ತಳ್ಳಿಕೊಂಡು ದಾಟುವುದೇ ಕ್ಷೇಮ.

ಈ) ಅಣ್ಣ ಅಕ್ಕಂದಿರಿಂದ ತಮ್ಮ ತಂಗಿಯರಿಗೆ ಬಂದ ಹಳೆಯ ಸೈಕಲ್ಲುಗಳಲ್ಲಿ ಬ್ರೇಕ್ ರಬ್ಬರು ಸವೆದಿರುವುದು, ಬೆಲ್ಲು ಕೆಟ್ಟಿರುವುದು ಸಾಮಾನ್ಯ. ಪಾಲಕರು ಇವನ್ನು ತಿಂಗಳಿಗೊಮ್ಮೆ ಪರಿಶೀಲಿಸಬೇಕು.

ಉ) ಮೇವಿನ ಹೊರೆ, ಕಟ್ಟಿಗೆ, ಬಿಂದಿಗೆಗಳನ್ನು ಹ್ಯಾಂಡಲ್‌ಗೆ ತೂಗುಹಾಕದೆ ಕ್ಯಾರಿಯರಿಗೆ ಬಿಗಿಯಾಗಿ ಕಟ್ಟಬೇಕು. ಹೊರೆಯು ಹಿಂಬದಿಯ ರೇಡಿಯಂ ಪಟ್ಟಿಯನ್ನು ಮರೆಮಾಡಬಾರದು.

ಊ) ಸವಾರಿ ಮಾಡುವಾಗ ಕಿವಿಗೆ ಇಯರ್‌ಫೋನ್ ಸಲ್ಲದು. ಹಿಂದಿನ ವಾಹನವನ್ನು ಸವಾರನು ಮೊದಲು ಅರಿಯುವುದು ಕಿವಿಯಿಂದಲೇ.

4. ವಾಹನ ಚಾಲಕರ ಹೊಣೆ

ರಸ್ತೆಯಲ್ಲಿ ಯಾರ ವಾಹನಕ್ಕೆ ತೂಕ ಹೆಚ್ಚೋ ಅವರ ಹೊಣೆಯೂ ಹೆಚ್ಚು. ಸೈಕಲ್ಲನ್ನು ಹಿಂದಿಕ್ಕುವಾಗ ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡುವುದು ಒಳ್ಳೆಯ ರೂಢಿ. ಎದುರಿನಿಂದ ವಾಹನ ಬರುತ್ತಿದ್ದು ಅಷ್ಟು ಜಾಗವಿಲ್ಲದಿದ್ದರೆ ವೇಗ ತಗ್ಗಿಸಿ ಸೈಕಲ್ಲಿನ ಹಿಂದೆಯೇ ಸಾಗಬೇಕು. ಇದರಿಂದ ಕಳೆದುಹೋಗುವುದು ಕೆಲವು ಸೆಕೆಂಡು ಮಾತ್ರ.

ಹಿಂದಿನಿಂದ ಜೋರಾಗಿ ಹಾರ್ನ್ ಹಾಕಿ ಸವಾರನನ್ನು ಡಾಂಬರಿನಿಂದ ಕೆಳಗಿಳಿಸುವ ಅಭ್ಯಾಸ ಅಪಾಯಕಾರಿ. ಅನೇಕ ಗ್ರಾಮೀಣ ರಸ್ತೆಗಳಲ್ಲಿ ಡಾಂಬರಿನ ಅಂಚು ಪಕ್ಕದ ಮಣ್ಣಿಗಿಂತ ಎತ್ತರದಲ್ಲಿರುತ್ತದೆ. ಗಾಬರಿಯಿಂದ ಇಳಿದ ಚಕ್ರ ಅಂಚಿಗೆ ಸಿಕ್ಕಿ, ಸವಾರನು ವಾಹನದ ಕಡೆಗೇ ಬೀಳುವ ಸಂಭವವಿದೆ. ಆಷಾಢದ ಗಾಳಿಗೆ ಸೈಕಲ್ ತಾನಾಗಿಯೇ ಓಲಾಡುತ್ತದೆ. ದೊಡ್ಡ ಲಾರಿ ಸಮೀಪದಲ್ಲಿ ಹಾದುಹೋದಾಗ ಆ ಓಲಾಟ ಇನ್ನೂ ಹೆಚ್ಚುತ್ತದೆ. ರಾತ್ರಿ ಎದುರಿನಿಂದ ಸೈಕಲ್ ಬಂದಾಗಲೂ ದೀಪವನ್ನು ಡಿಮ್ ಮಾಡಬೇಕು. ನಿಂತ ಕಾರಿನ ಬಾಗಿಲು ತೆರೆಯುವ ಮೊದಲು ಹಿಂದೆ ನೋಡಬೇಕು.

ದಾರಿ ಬಿಟ್ಟ ಚಾಲಕನಿಗೆ ಸವಾರನು ಕೈಯೆತ್ತಿ ವಂದಿಸುವುದೂ ಸೌಜನ್ಯದ ಭಾಗವೇ. ಪೊಲೀಸರಿಲ್ಲದ ರಸ್ತೆಯಲ್ಲಿ ನಿಯಮವನ್ನು ಉಳಿಸುವುದು ಇಂತಹ ಪರಸ್ಪರ ಗೌರವ.

5. ಗ್ರಾಮದ ಪಾತ್ರ

ಸುಗ್ಗಿಯ ದಿನಗಳಲ್ಲಿ ರಸ್ತೆಯ ಮೇಲೆ ಒಕ್ಕಣೆ ಮಾಡುವುದರಿಂದ, ಹರಡಿದ ಹುರುಳಿ ಸೊಪ್ಪಿನ ಮೇಲೆ ಸೈಕಲ್ ಜಾರುತ್ತದೆ. ಅದನ್ನು ತಪ್ಪಿಸಲು ಸವಾರನು ರಸ್ತೆಯ ನಡುವಿಗೆ ಬಂದರೆ ಹಿಂದಿನ ವಾಹನಕ್ಕೆ ಸಿಲುಕುವ ಭಯ. ಒಕ್ಕಣೆ ಕಣದಲ್ಲಿಯೇ ನಡೆಯಲಿ. ತಿರುವುಗಳಲ್ಲಿ ಬೆಳೆದ ಬಳ್ಳಾರಿ ಜಾಲಿಯು ನೋಟವನ್ನು ತಡೆಯುತ್ತದೆ, ಅದರ ಮುಳ್ಳು ಟೈರನ್ನು ಪಂಕ್ಚರ್ ಮಾಡುತ್ತದೆ. ಅದನ್ನು ಕಾಲಕಾಲಕ್ಕೆ ಕಡಿಸುವುದು ಅವಶ್ಯಕ.

ಭಾದ್ರಪದದಲ್ಲಿ ಜರುಗುವ ಗೌರಸಮುದ್ರ ಮಾರಮ್ಮನ ಜಾತ್ರೆಗೆ ಕರ್ನಾಟಕ ಮತ್ತು ಆಂಧ್ರಪ್ರದೇಶದಿಂದ ಅಪಾರ ಭಕ್ತರು ಬರುತ್ತಾರೆ. ಈ ರಸ್ತೆಗಳ ಪರಿಚಯವಿಲ್ಲದ ಚಾಲಕರೂ ಅವರಲ್ಲಿರುತ್ತಾರೆ. ಆ ದಿನಗಳಲ್ಲಿ ಮಕ್ಕಳನ್ನು ಕತ್ತಲಾದ ಮೇಲೆ ಸೈಕಲ್ಲಿನಲ್ಲಿ ಮುಖ್ಯರಸ್ತೆಗೆ ಕಳುಹಿಸದಿರುವುದು ಉಚಿತ.

6. ಅಪಘಾತ ಸಂಭವಿಸಿದಲ್ಲಿ

ತಕ್ಷಣ 108ಕ್ಕೆ ಅಥವಾ 112ಕ್ಕೆ ಕರೆ ಮಾಡಬೇಕು. ಪೊಲೀಸ್ ಠಾಣೆಗೆ ಅಲೆಯಬೇಕಾದೀತೆಂಬ ಅಂಜಿಕೆಯಿಂದ ಗಾಯಾಳುವನ್ನು ಬಿಟ್ಟುಹೋಗುವ ಅಗತ್ಯವಿಲ್ಲ. 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನಗಳ ಅಧಿನಿಯಮ, 1988ಕ್ಕೆ ಸೇರಿಸಲಾದ 134ಎ ಪ್ರಕರಣವು ಸದ್ಭಾವನೆಯಿಂದ ನೆರವಾದವರಿಗೆ ಕಾನೂನಿನ ರಕ್ಷಣೆ ನೀಡುತ್ತದೆ. ಮೋಟಾರು ವಾಹನದಿಂದಾದ ಅಪಘಾತದ ಗಾಯಾಳುಗಳಿಗೆ, 2025ರ ಮೇ ತಿಂಗಳಲ್ಲಿ ಅಧಿಸೂಚಿಸಲಾದ ಯೋಜನೆಯಡಿ, ನಿಯೋಜಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ಈ ಸೌಲಭ್ಯ ಸೈಕಲ್ ಸವಾರನಿಗೂ ಅನ್ವಯಿಸುತ್ತದೆ.

7. ಅಭ್ಯಾಸ

1. ಕತ್ತಲಾದ ಮೇಲೆ ಶಾಲಾ ಆವರಣದಲ್ಲಿ ರೇಡಿಯಂ ಪಟ್ಟಿಯಿರುವ ಮತ್ತು ಇಲ್ಲದಿರುವ ಎರಡು ಸೈಕಲ್ಲುಗಳನ್ನು ನಿಲ್ಲಿಸಿ, ದೂರದಿಂದ ಟಾರ್ಚ್ ಹಾಯಿಸಿ. ಪ್ರತಿಯೊಂದೂ ಎಷ್ಟು ಹೆಜ್ಜೆ ದೂರದಿಂದ ಕಾಣುವುದೆಂದು ಪಾಲಕರ ಸಮ್ಮುಖದಲ್ಲಿ ಎಣಿಸಿ.

2. ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲಿ ನೋಟ ಮರೆಯಾಗುವ ತಿರುವುಗಳು ಎಷ್ಟಿವೆ? ಮಕ್ಕಳಿಂದಲೇ ಪಟ್ಟಿ ಮಾಡಿಸಿ ಗ್ರಾಮಸಭೆಯ ಮುಂದಿಡಿ.

3. ಗ್ರಾಮದ ಟ್ರ್ಯಾಕ್ಟರ್, ಆಟೊ ಹಾಗೂ ಕಾರು ಚಾಲಕರೊಡನೆ ಸೈಕಲ್ ಸವಾರರನ್ನೂ ಕೂಡಿಸಿ, ಒಬ್ಬರ ಕಷ್ಟವನ್ನು ಇನ್ನೊಬ್ಬರು ಕೇಳುವಂತೆ ಚರ್ಚೆ ಏರ್ಪಡಿಸಿ.

ಮುಂಜಾನೆ ಸೈಕಲ್ ಏರಿ ಹೊರಟ ಮಗು ಸಂಜೆ ಕ್ಷೇಮವಾಗಿ ಮನೆ ಸೇರುವುದೇ ಈ ಪಾಠದ ಫಲ.