ದೊಡ್ಡ ಗ್ರಹಗಳಿಗೆ ಬಣ್ಣ ಎಲ್ಲಿಂದ?

ಗುರುಗ್ರಹ ಕಾಣುವ ದಿನಗಳಲ್ಲಿ, ಕತ್ತಲಾದ ಮೇಲೆ ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಕಡೆ ಹೊಲದ ಬದುವಿನ ಮೇಲೆ ನಿಂತು ನೋಡಿ. ಅದು ಮಿನುಗದೆ ಬೆಳಗುವ ಕೆನೆಬಣ್ಣದ ಚುಕ್ಕಿ. "ಅಪ್ಪಾ, ಅದು ಅಲ್ಲಿನ ಮಣ್ಣಿನ ಬಣ್ಣವೇ?" ಎಂದು ಮಗು ಕೇಳಿದರೆ ಏನು ಹೇಳುವಿರಿ?

ಮಣ್ಣಿನದಲ್ಲ. ಗುರು, ಶನಿ, ಯುರೇನಸ್, ನೆಪ್ಚೂನ್ ಈ ನಾಲ್ಕು ದೈತ್ಯ ಗ್ರಹಗಳಲ್ಲಿ ಕಾಲೂರಲು ನೆಲವೇ ಇಲ್ಲ. ನಮಗೆ ಕಾಣುವುದು ಅವುಗಳ ವಾಯುಮಂಡಲ. ಹಸಿರು ಮಿಠಾಯಿ ಕಾಗದದ ಮೂಲಕ ಬಿಳಿ ಬಲ್ಬನ್ನು ನೋಡಿದರೆ ಹಸಿರಾಗಿ ಕಾಣುತ್ತದಲ್ಲವೇ? ಕಾಗದ ಉಳಿದ ಬಣ್ಣಗಳನ್ನು ತಡೆಯುತ್ತದೆ. ಹಾಗೆಯೇ ಗ್ರಹದ ವಾಯುಮಂಡಲವೂ ಬಿಸಿಲಿನ ಕೆಲವು ಬಣ್ಣಗಳನ್ನು ನುಂಗಿ, ಮಿಕ್ಕದ್ದನ್ನು ಹಿಂದಕ್ಕೆ ಕಳುಹಿಸುತ್ತದೆ. ಗುರುವಿನಲ್ಲಿ ಬಿಳಿ, ಕಂದು ಮೋಡಪಟ್ಟೆಗಳಿವೆ. ಶನಿಯಲ್ಲಿ ದಟ್ಟವಾದ ಮಬ್ಬು ಪಟ್ಟೆಗಳನ್ನು ಮಸುಕಾಗಿಸಿ ತಿಳಿಹಳದಿಯಾಗಿ ತೋರಿಸುತ್ತದೆ.

1869ರಲ್ಲಿ ರೋಮಿನ ಸಂತ ಇಗ್ನಾಸಿಯವರ ದೇವಾಲಯದ ಮೇಲಿದ್ದ ವೀಕ್ಷಣಾಲಯದಲ್ಲಿ, ಯೇಸುಸಭೆಯ ಗುರು ಆಂಜೆಲೊ ಸೆಕ್ಕಿ ಯುರೇನಸ್ಸಿನ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದರು. ನಡುವೆ ಕಪ್ಪು ಪಟ್ಟೆಗಳು! ಬೆಳಕಿನ ಆ ಭಾಗವನ್ನು ಏನೋ ನುಂಗಿತ್ತು. ಅದು ಮೀಥೇನ್ ಅನಿಲದ ಕೆಲಸವೆಂದು ತಿಳಿದದ್ದು 1930ರ ದಶಕದಲ್ಲಿ. ನಮ್ಮ ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದೂ ಅದೇ ಮೀಥೇನ್. ಅದು ಕೆಂಪನ್ನು ಹೀರಿಕೊಳ್ಳುವುದರಿಂದ ಯುರೇನಸ್, ನೆಪ್ಚೂನ್‌ಗಳಲ್ಲಿ ಹಸಿರು-ನೀಲಿ ಉಳಿಯುತ್ತದೆ.

ಹಾಗಾದರೆ ಪುಸ್ತಕಗಳಲ್ಲಿ ನೆಪ್ಚೂನ್ ಏಕೆ ಕಡುನೀಲಿ? 1989ರಲ್ಲಿ ವಾಯೇಜರ್ 2 ನೌಕೆ ಕಳುಹಿಸಿದ ಚಿತ್ರಗಳಲ್ಲಿ ಮೋಡಗಳು ಎದ್ದು ಕಾಣಲೆಂದು ಬಣ್ಣವನ್ನು ಗಾಢಗೊಳಿಸಿದ್ದರು. ಚಿತ್ರದ ಕೆಳಗೆ ಅದನ್ನು ಬರೆದೂ ಇದ್ದರು. ಕಾಲ ಕಳೆದಂತೆ ಚಿತ್ರ ಉಳಿಯಿತು, ಕೆಳಗಿನ ಬರಹ ಮರೆಯಾಯಿತು. 2024ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಅರ್ವಿನ್ ಮತ್ತು ಸಂಗಡಿಗರು ಬಣ್ಣವನ್ನು ಸರಿಪಡಿಸಿದಾಗ ಎರಡು ಗ್ರಹಗಳೂ ತಿಳಿ ಹಸಿರು-ನೀಲಿ! ಯುರೇನಸ್ಸಿನ ಮೇಲೆ ಮಬ್ಬು ದಟ್ಟ; ನೆಪ್ಚೂನಿನ ಮೇಲೆ ತೆಳು. ಆದ್ದರಿಂದ ನೆಪ್ಚೂನ್ ತುಸು ಹೆಚ್ಚು ನೀಲಿ, ಅಷ್ಟೇ.

ತಂದೆತಾಯಂದಿರೇ, ಮಗು ನೆಪ್ಚೂನಿಗೆ ಕಡುನೀಲಿ ಬಳಿದರೆ ಗದರಬೇಡಿ. ನಾವೂ ಹಾಗೆಯೇ ಕಲಿತೆವು. ಪಕ್ಕದಲ್ಲಿ ಕುಳಿತು ಈ ಕಥೆ ಹೇಳಿ. ಸೆಕ್ಕಿ ಗುರುಗಳು ಕಾರಣ ತಿಳಿಯದಿದ್ದರೂ ಕಂಡದ್ದನ್ನು ಕಂಡಂತೆ ಬರೆದಿಟ್ಟರು. ಚಿತ್ರ ಎಷ್ಟೇ ಚೆಂದವಿರಲಿ, ಅದರ ಕೆಳಗಿನ ಸಾಲನ್ನೂ ಓದುವ ಅಭ್ಯಾಸ ನಮ್ಮ ಮಕ್ಕಳಿಗೆ ಬರಲಿ.