ಕಾಫಿ ಫಿಲ್ಟರಿನ ಶುಚಿ ಮತ್ತು ಸಂರಕ್ಷಣೆ

ಊರು ಬಿಟ್ಟು ದುಡಿಯಲು ಬಂದ ನಮ್ಮವರ ಖೋಲಿಗಳಲ್ಲಿ ಬೇರೇನಿಲ್ಲದಿದ್ದರೂ ಒಂದು ಕಾಫಿ ಫಿಲ್ಟರು ಇರುತ್ತದೆ. ಪಾಳಿಗೆ ಹೊರಡುವ ಹೊತ್ತಾದರೂ ಡಿಕಾಕ್ಷನ್ ಇಳಿಯದಿದ್ದರೆ, ಅಥವಾ ಇಳಿದದ್ದು ಕಮಟು ವಾಸನೆ ಹೊಡೆದರೆ, ಪುಡಿಯಂಗಡಿಯವನನ್ನು ದೂರುವುದು ವಾಡಿಕೆ. ಎಷ್ಟೋ ವೇಳೆ ದೋಷ ಪುಡಿಯದಲ್ಲ, ಪಾತ್ರೆಯದು. ಆದುದರಿಂದ ಈ ಸಲ ಅದರ ಪಾಲನೆಯ ವಿಷಯವಾಗಿ ನಾಲ್ಕು ಮಾತು ಬರೆಯುತ್ತೇವೆ.

ಕಾಫಿ ಬೀಜದಲ್ಲಿ ಎಣ್ಣೆಯ ಅಂಶವಿದೆ. ಅದು ಪಾತ್ರೆಯ ಒಳಮೈಗೆ ಹತ್ತಿ, ದಿನ ಕಳೆದಂತೆ ಕೆಟ್ಟು ನಾರುತ್ತದೆ. ಪುಡಿಯ ನುಣ್ಣನೆಯ ಭಾಗವೂ ಚಿಕೋರಿಯ ಅಂಟೂ ಸೇರಿ ತೂತುಗಳನ್ನು ಮುಚ್ಚುತ್ತವೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ನೂರಕ್ಕೆ 49 ಭಾಗದ ತನಕ ಚಿಕೋರಿ ಬೆರೆಸಲು ಕಾನೂನಿನಲ್ಲಿ ಅವಕಾಶವಿದೆ. ಪೊಟ್ಟಣದ ಮೇಲೆ ಪ್ರಮಾಣವನ್ನು ನೋಡಿ ಕೊಳ್ಳಿರಿ. ಚಿಕೋರಿ ಹೆಚ್ಚಿದಷ್ಟೂ ತೊಳೆಯುವ ಕೆಲಸವೂ ಹೆಚ್ಚು.

ದಿನದ ಕೆಲಸ: ಡಿಕಾಕ್ಷನ್ ತೆಗೆದುಕೊಂಡ ಮೇಲೆ ಗಸಿಯನ್ನು ಒಣಗಲು ಬಿಡಬಾರದು. ಅದನ್ನು ಮೋರಿಗೆ ಸುರಿಯದೆ ಕಸದ ಡಬ್ಬಿಗೆ ಹಾಕಿ. ಪಾತ್ರೆಗಳೆರಡನ್ನೂ ಬಿಸಿನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ಮುಚ್ಚಳ ತೆಗೆದು ಬೋರಲು ಹಾಕಿ.

ವಾರದ ಕೆಲಸ: ಮೇಲಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ತೂತುಗಳನ್ನು ನೋಡಿ. ಮುಚ್ಚಿದ್ದರೆ ಹೊರಗಿನಿಂದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಬೇಕು. ದಪ್ಪ ಸೂಜಿ ಚುಚ್ಚಕೂಡದು. ತೂತು ಅಗಲವಾದರೆ ಪುಡಿಯೂ ಕೆಳಗಿಳಿಯುತ್ತದೆ. ಸ್ಟೀಲಿನದಾದರೆ ತಳವನ್ನು ಸಣ್ಣ ಉರಿಗೆ ಹಿಡಿದು, ಕಸ ಸುಟ್ಟ ಮೇಲೆ ಆರಿಸಿ, ತಟ್ಟಿ ತೊಳೆಯುವುದುಂಟು. ಆದರೆ ಕಲಾಯಿ ಮಾಡಿದ ಹಿತ್ತಾಳೆಗೆ ಇದು ಸಲ್ಲದು. ಕಲಾಯಿಯೆಂದರೆ ತವರ. ಅದು 232 ಡಿಗ್ರಿ ಸೆಲ್ಸಿಯಸಿನಲ್ಲಿಯೇ ಕರಗುತ್ತದೆ.

ಗಡಸು ನೀರಿನ ಊರುಗಳಲ್ಲಿ ಪಾತ್ರೆಗೆ ಬಿಳಿಯ ಸುಣ್ಣದ ಪೊರೆ ಕೂರುತ್ತದೆ. ಗಿರಣಿಯ ಬಾಯ್ಲರಿನಲ್ಲಿ ದುಡಿದವರಿಗೆ ಇದರ ಪರಿಚಯ ಹೇಳಬೇಕಿಲ್ಲ. ಒಂದು ಪಾಲು ವಿನಿಗರಿಗೆ ಮೂರು ಪಾಲು ನೀರು ಬೆರೆಸಿ ಸ್ಟೀಲಿನ ಪಾತ್ರೆಯನ್ನು ಅರ್ಧ ಗಂಟೆ ನೆನೆಯಿಟ್ಟರೆ ಪೊರೆ ಬಿಡುತ್ತದೆ.

ಹಿತ್ತಾಳೆಯದಕ್ಕೆ ಹೆಚ್ಚಿನ ಎಚ್ಚರ ಬೇಕು. ಹೊರಮೈಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಒಡನೆ ತೊಳೆದು ಒರೆಸಬೇಕು, ಹುಳಿಯಲ್ಲಿ ನೆನೆಯಿಡಬಾರದು. ಕಲಾಯಿಯಿರುವ ಒಳಮೈಗೆ ಬೂದಿ, ಮರಳು ಬೇಡ. ಮೆತ್ತನೆಯ ಬಟ್ಟೆ ಸಾಕು. ಡಿಕಾಕ್ಷನ್ನಿನಲ್ಲಿಯೂ ಸ್ವಲ್ಪ ಹುಳಿಯಿದೆ. ಕಲಾಯಿ ಹೋದ ಪಾತ್ರೆಯಲ್ಲಿ ಅದನ್ನು ರಾತ್ರಿಯೆಲ್ಲ ಬಿಟ್ಟರೆ ಕಿಲುಬು ಏಳುತ್ತದೆ. ಕಿಲುಬು ವಿಷ; ಹೊಟ್ಟೆ ತೊಳಸಿ ವಾಂತಿಯಾದೀತು. ಹಸಿರು ಕಂಡ ಫಿಲ್ಟರನ್ನು ಕಲಾಯಿ ಮಾಡಿಸುವ ತನಕ ಬಳಸಬೇಡಿ. ತಾಯಿ ಕೊಟ್ಟ ಪಾತ್ರೆಯೆಂಬ ಮಮತೆಯಿದ್ದರೆ ಬೆಳಗಿ ಗೂಡಿನಲ್ಲಿಡಿ. ಕಾಫಿಗೆ ಸ್ಟೀಲಿನದು ತನ್ನಿರಿ.

ಎರಡು ಪಾತ್ರೆಗಳೂ ಕಚ್ಚಿಕೊಂಡರೆ ಬಡಿಯಬೇಡಿ. ಮೇಲಿನದರಲ್ಲಿ ತಣ್ಣೀರು ತುಂಬಿ, ಕೆಳಗಿನದನ್ನು ಬಿಸಿನೀರಿನಲ್ಲಿಡಿ. ಹೊರಗಿನದು ಹಿಗ್ಗಿ ಒಳಗಿನದು ಕುಗ್ಗುವುದರಿಂದ, ತಿರುಗಿಸಿದರೆ ಬಿಡುತ್ತದೆ. ತೂತು ಶುಚಿಯಿದ್ದೂ ಡಿಕಾಕ್ಷನ್ ಇಳಿಯದಿದ್ದರೆ ಕೆಳಗಿನ ಗಾಳಿಗೆ ದಾರಿಯಿಲ್ಲವೆಂದು ತಿಳಿಯಿರಿ. ಮೇಲಿನದನ್ನು ತುಸು ಎತ್ತಿ ಇಟ್ಟರೆ ಸಾಕು. ಪುಡಿಯನ್ನು ಬಲವಾಗಿ ಒತ್ತಿದರೂ ಇದೇ ತೊಂದರೆ.

ಕೆಲವರ ಬಳಿ ಒಲೆಯ ಮೇಲಿಡುವ ಮೋಕಾ ಪಾತ್ರೆಯೂ ಇದೆ. 1933ರಲ್ಲಿ ಇಟಲಿಯಲ್ಲಿ ಹುಟ್ಟಿದ ಇದು ಆವಿಯ ಒತ್ತಡದಿಂದ ನಡೆಯುವಂಥದು. ನೀರು ಪಕ್ಕದ ವಾಲ್ವಿನ ಕೆಳಗೇ ನಿಲ್ಲಬೇಕು. ವಾಲ್ವು ಕಟ್ಟಿಕೊಂಡರೆ ಅಪಾಯ; ರಬ್ಬರ್ ಬಳೆ ಬಿರಿದರೆ ಬದಲಿಸಬೇಕು. ಅಲ್ಯೂಮಿನಿಯಮ್ಮಿನದಾದರೆ ಸೋಡಾ ಹಾಕಿ ತೊಳೆಯಬಾರದು, ಲೋಹ ಸವೆಯುತ್ತದೆ.

ಒಂದೇ ಖೋಲಿಯಲ್ಲಿ ನಾಲ್ಕೈದು ಜನ ಇರುವಲ್ಲಿ, ಕೊನೆಗೆ ಕುಡಿದವರು ತೊಳೆದಿಡುವುದೆಂದು ನಿಯಮ ಮಾಡಿಕೊಳ್ಳಿರಿ. ಐದು ನಿಮಿಷದ ಈ ಕೆಲಸದಿಂದ ಪುಡಿಯೂ ಉಳಿಯುತ್ತದೆ, ಆರೋಗ್ಯವೂ ಉಳಿಯುತ್ತದೆ.